ಸಹಾಯ ಬೇಕು: ಬೇರೆ ವಿಷಯದ ಶಿಕ್ಷಕರೊಂದಿಗೆ ಸೇರಿ ಪಾಠ ಮಾಡಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಈ ವರ್ಷ ಜೀವಶಾಸ್ತ್ರ ಮತ್ತು ಇತಿಹಾಸದ ಸಹೋದ್ಯೋಗಿಗಳೊಂದಿಗೆ ಸೇರಿ ಸಾಂಕ್ರಾಮಿಕ ರೋಗಗಳ ಕುರಿತು ಪಾಠಸರಣಿ ನಡೆಸುತ್ತಿದ್ದೇವೆ. ರೋಗ ಹರಡುವ ಬಗೆಯನ್ನು ಒಬ್ಬರು ವಿವರಿಸುತ್ತಾರೆ, ರೋಗಿಗಳ ಸಂಖ್ಯೆಯ ಏರಿಕೆಯ ನಕ್ಷೆ (ಗ್ರಾಫ್) ನನ್ನ ಪಾಲು, 1854ರ ಲಂಡನ್ ಕಾಲರಾ ಮತ್ತು ರೋಗದ ಮೂಲವೆಂದು ವೈದ್ಯ ಜಾನ್ ಸ್ನೋ ಗುರುತಿಸಿದ ಬ್ರಾಡ್ ಸ್ಟ್ರೀಟ್ ನೀರಿನ ಪಂಪಿನ ವಿಚಾರ ಇತಿಹಾಸದವರದು.

ಮಕ್ಕಳಿಗೆ ಇಷ್ಟವಾಗಿದೆ, ಆ ಚಿಂತೆಯಿಲ್ಲ. ಬರೀ ನಕ್ಷೆ ಬಿಡಿಸಿಕೊಡುವವಳಾಗಿ ಉಳಿದುಬಿಡುತ್ತೇನೆಯೇ ಎಂಬ ಅಳುಕು ಮಾತ್ರ ನನಗಿದೆ. ಇನ್ನೊಂದೆಡೆ, ಒಂದು ದಾಖಲೆಯನ್ನು ಯಾರು ಬರೆದರು, ಏಕೆ ಬರೆದರು, ಯಾರನ್ನು ಎಣಿಸದೆ ಬಿಟ್ಟರು ಎಂದು ಇತಿಹಾಸದವರು ಕೆದಕುವುದನ್ನು ನೋಡಿದ ಮೇಲೆ, ಅಂಕಿಅಂಶಗಳನ್ನು ಕೊಟ್ಟಂತೆಯೇ ಒಪ್ಪಿಕೊಂಡು ಲೆಕ್ಕಕ್ಕೆ ಇಳಿಯಲು ನನಗೆ ಮನಸ್ಸು ಬರುತ್ತಿಲ್ಲ. ವಿಷಯ ತಿಳಿದಿರುವುದಷ್ಟೇ ಸಾಲದು, ಆ ವಿಷಯವನ್ನು ಕಲಿಸುವುದಕ್ಕೇ ಪ್ರತ್ಯೇಕವಾದ ಜ್ಞಾನವಿದೆ ಎಂದು ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲಿ ವಾದಿಸಿದ್ದರು. ಹೀಗೆ ಜೊತೆಗೂಡಿ ಕೆಲಸ ಮಾಡುವಾಗ ಅದು ಬೆಳೆಯುತ್ತದೆ ಎಂದು ನನ್ನ ಅನಿಸಿಕೆ. ನಾನು ಎಂಥ ಶಿಕ್ಷಕಿ ಎಂಬ ಪ್ರಶ್ನೆಗೆ ಹಳೆಯ ಉತ್ತರ ಈಗ ಸಾಲುತ್ತಿಲ್ಲ.

ಅನುಭವವಿರುವವರು ದಯವಿಟ್ಟು ತಿಳಿಸಿ. ಪರಸ್ಪರರ ತರಗತಿಯಲ್ಲಿ ಕುಳಿತಾಗ ಏನನ್ನು ಗಮನಿಸಿ ಬರೆದಿಟ್ಟುಕೊಳ್ಳುತ್ತೀರಿ? ಒಂದೇ ಯೋಜನಾ ಕಾರ್ಯಕ್ಕೆ ಮೂವರೂ ಅಂಕ ಕೊಡಬೇಕಾದಾಗ ಮಾನದಂಡವನ್ನು ಹೇಗೆ ಹೊಂದಿಸುತ್ತೀರಿ? (ನಮ್ಮ ಜಗಳವೆಲ್ಲ ಇಲ್ಲೇ. ಉತ್ತರ ತಪ್ಪಿದ್ದರೂ ತರ್ಕ ಚೆನ್ನಾಗಿದ್ದರೆ ಎಷ್ಟು ಅಂಕ?) ನೀವು ಬಳಸಿದ ನಮೂನೆಗಳಿದ್ದರೆ ಹಂಚಿಕೊಳ್ಳಿ, ಅರ್ಧಂಬರ್ಧ ಇದ್ದರೂ ಸರಿ. ಸಿದ್ಧಾಂತದ ಲೇಖನಗಳು ನನ್ನ ಬಳಿ ಬೇಕಾದಷ್ಟಿವೆ.