ವೇಲ್ಸ್‌ನ ಪೊವಿಸ್ ಕೋಟೆಗೆ ವಯಸ್ಸಾದವರನ್ನು ಕರೆದುಕೊಂಡು ಹೋಗಿಬಂದವರು ಇದ್ದೀರಾ?

ಅಮ್ಮ ಮಂಡ್ಯದಿಂದ ಬಂದಿದ್ದಾರೆ, ಇನ್ನು ಮೂರು ವಾರ ಬರ್ಮಿಂಗ್‌ಹ್ಯಾಮ್‌ನಲ್ಲಿ ನಮ್ಮ ಜೊತೆ ಇರುತ್ತಾರೆ. ಪೊವಿಸ್ ಕೋಟೆಯಲ್ಲಿ ಟಿಪ್ಪುವಿನ ವಸ್ತುಗಳಿವೆ ಅಂತ ಯಾರೋ ಹೇಳಿದ್ದೇ ತಡ, ಅಲ್ಲಿಗೇ ಹೋಗಬೇಕು ಅಂತ ಕೂತಿದ್ದಾರೆ. ನಮಗೆ ಕಾರಿಲ್ಲ, ಅಮ್ಮನಿಗೆ ಮಂಡಿ ನೋವು ಬೇರೆ. ಒಂದೇ ದಿನದಲ್ಲಿ ಆಗುತ್ತಾ?

ಉತ್ತರ 1
ಆರಾಮಾಗಿ ಆಗುತ್ತೆ. ಬರ್ಮಿಂಗ್‌ಹ್ಯಾಮ್‌ನಿಂದ ವೆಲ್ಷ್‌ಪೂಲ್‌ಗೆ ನೇರ ರೈಲಿದೆ, ಸುಮಾರು ಒಂದೂವರೆ ಗಂಟೆ. ಆದರೆ ರೈಲುಗಳು ಕಡಿಮೆ, ಒಂದು ತಪ್ಪಿದರೆ ಸುಮ್ನೆ ಕಾಯಬೇಕು, ವಾಪಸ್ ಬರುವ ಸಮಯ ಮೊದಲೇ ನೋಡಿಟ್ಟುಕೊಳ್ಳಿ. ಸ್ಟೇಷನ್‌ನಿಂದ ಕೋಟೆ ಒಂದು ಮೈಲಿ ಚಿಲ್ಲರೆ. ಹತ್ತಿರವೇ ಅಲ್ವಾ ಅಂತ ನಾವು ನಡೆದೇ ಹೊರಟೆವು. ಜಿಂಕೆವನದ ಮಧ್ಯೆ ದಾರಿ ಚೆನ್ನಾಗಿದೆ, ಆದರೆ ಏರು. ಮೇಲೆ ತಲುಪುವಷ್ಟರಲ್ಲಿ ನಮ್ಮ ಮಾವ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಸಣ್ಣ ಊರು, ಟ್ಯಾಕ್ಸಿಗೆ ಹಿಂದಿನ ದಿನವೇ ಹೇಳಿಡಿ.

ಉತ್ತರ 2
ಟಿಪ್ಪು ಅಂತ ಹೋಗುವವರು ತೋಟಕ್ಕೆ ಅರ್ಧ ಗಂಟೆ ಇಟ್ಟುಕೊಂಡು ಹೋಗುತ್ತಾರೆ. ಆ ತಪ್ಪು ಮಾಡಬೇಡಿ, ನನ್ನ ಪ್ರಕಾರ ಅಲ್ಲಿ ನೋಡಬೇಕಾದದ್ದೇ ತೋಟ. ಕೆಂಪು ಕಲ್ಲಿನ ಕೋಟೆ ಬಂಡೆಯ ಮೇಲಿದೆ, 13ನೇ ಶತಮಾನದಲ್ಲಿ ವೇಲ್ಸ್‌ನ ಒಬ್ಬ ಅರಸ ಕಟ್ಟಿಸಿದ್ದು, 1587ರಲ್ಲಿ ಹರ್ಬರ್ಟ್ ಮನೆತನದ ಕೈಗೆ ಬಂತು. ಅದರ ಕೆಳಗೆ ನಮ್ಮ ಮಲೆನಾಡಿನ ಗದ್ದೆಗಳ ಹಾಗೆ ಹಂತ ಹಂತವಾಗಿ ಇಳಿಯುವ ತೋಟ, ಸುಮಾರು 300 ವರ್ಷ ಹಳೆಯದು. ಯೂ ಅನ್ನುವ ನಿತ್ಯಹಸಿರು ಮರಗಳನ್ನು ಕತ್ತರಿಸಿ ಕತ್ತರಿಸಿ ದೊಡ್ಡ ಮೋಡದ ಮುದ್ದೆಗಳ ಹಾಗೆ ಮಾಡಿದ್ದಾರೆ, ಶರತ್ಕಾಲದಲ್ಲಿ ಹೋದರೆ ಮಾಲಿ ಕ್ರೇನ್ ಬುಟ್ಟಿಯಲ್ಲಿ ನಿಂತು ಕತ್ತರಿಸುವುದು ಕಾಣಬಹುದು. ಹೂವು ಬೇಕಾದರೆ ಜುಲೈ, ಆಗಸ್ಟ್. ಮಂಡಿ ನೋವಿದ್ದರೆ ಕೆಳಗಿನವರೆಗೂ ಇಳಿಸಬೇಡಿ, ಇಳಿದದ್ದನ್ನೆಲ್ಲ ಹತ್ತಬೇಕು! ಮೇಲಿನ ಹಂತದಿಂದಲೇ ಪೂರ್ತಿ ಕಣಿವೆ ಕಾಣುತ್ತೆ.

ಉತ್ತರ 3
ನಾನು ಶ್ರೀರಂಗಪಟ್ಟಣದವಳು, ಹಾಗಾಗಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಅದು ರಾಬರ್ಟ್ ಕ್ಲೈವ್ ಇದ್ದ ಕೋಟೆ ಅಂತ ಬಹಳ ಜನ ತಿಳಿದಿದ್ದಾರೆ, ಅಲ್ಲ. ಅವನು ಸತ್ತದ್ದು 1774ರಲ್ಲಿ. ಅವನ ಮಗ ಎಡ್ವರ್ಡ್ ಈ ಹರ್ಬರ್ಟ್ ಮನೆತನದ ಹೆನ್ರಿಯೆಟಾಳನ್ನು ಮದುವೆಯಾದ, 1799ರಲ್ಲಿ ಟಿಪ್ಪು ಸತ್ತು ಶ್ರೀರಂಗಪಟ್ಟಣ ಬ್ರಿಟಿಷರ ವಶವಾದಾಗ ಮದ್ರಾಸಿನ ಗವರ್ನರ್ ಆಗಿದ್ದವನು ಅವನೇ. ಮರುವರ್ಷ ಹೆನ್ರಿಯೆಟಾ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರು, ಶ್ರೀರಂಗಪಟ್ಟಣ ಎಲ್ಲ ಸುತ್ತಿ ಬಂದಳು. ಟಿಪ್ಪುವಿನ ಸಿಂಹಾಸನದ ಸುತ್ತ ಇದ್ದ ಚಿನ್ನದ ಪುಟ್ಟ ಹುಲಿ ತಲೆಗಳಲ್ಲಿ ಒಂದು ಇಲ್ಲಿದೆ. ಹೂವಿನ ಅಚ್ಚಿನ ಹತ್ತಿ ಬಟ್ಟೆಯ ಅವನ ಡೇರೆಯೂ ಇದೆ. ಆ ಡೇರೆಯನ್ನು ಈ ಮನೆಯವರು ತಮ್ಮ ತೋಟದ ಪಾರ್ಟಿಗಳಿಗೆ ಹಾಕುತ್ತಿದ್ದರಂತೆ, ಅದನ್ನು ಓದಿ ನನಗೆ ಹೊಟ್ಟೆ ಉರಿಯಿತು. ಇವನ್ನೆಲ್ಲ ಇಟ್ಟಿರುವ ಕೋಣೆ ಚಿಕ್ಕದು, ಬೆಳಕೂ ಮಂದ, ದೊಡ್ಡ ಮ್ಯೂಸಿಯಂ ಅಂದುಕೊಂಡು ಹೋಗಬೇಡಿ. ಡೇರೆ ಈಗ ಪ್ರದರ್ಶನದಲ್ಲಿದೆಯಾ ಅಂತ ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ಸೈನಿಕನ ಮೇಲೆ ಎರಗಿರುವ ಆ ಪ್ರಸಿದ್ಧ ಮರದ ಹುಲಿ ಇಲ್ಲಿಲ್ಲ, ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ, ಅಮ್ಮನಿಗೆ ಮೊದಲೇ ಹೇಳಿಬಿಡಿ.

ಕೇಳಿದವರು
ಎಲ್ಲರಿಗೂ ಥ್ಯಾಂಕ್ಸ್. ಡೇರೆ ವಿಷಯ ಓದಿ ಹೇಳಿದೆ, "ಹೋಗೇ ಹೋಗೋಣ" ಅಂದರು. ಊಟ?

ಉತ್ತರ 1
ಕೆಫೆ ಇದೆ, ಸೂಪು, ಕೇಕು ಸಿಗುತ್ತೆ. ನಾವು ಚಿತ್ರಾನ್ನ ಒಯ್ದಿದ್ದೆವು. ಅಂಗಳದಲ್ಲಿ ನವಿಲುಗಳು ಓಡಾಡುತ್ತವೆ, ಡಬ್ಬಿ ತೆರೆಯುವಾಗ ಹುಷಾರು.