ಪುಟ್ಟಿ ಕೇಳಿದ ಹಿಂದಿನ ಕ್ಯಾಮೆರಾ ವಿಷಯ

ಪುಟ್ಟಿ, ನಿನ್ನ ಮೆಸೇಜ್ ನೋಡಿದೆ. ಪಿಕಪ್ ಮೇಲೆ ಕ್ಯಾಂಪರ್, ಅಂದರೆ ಪ್ರವಾಸದಲ್ಲಿ ಮಲಗುವ ಪೆಟ್ಟಿಗೆಮನೆ, ಕೂರಿಸಿದ ಮೇಲೆ ಒಳಗಿನ ಕನ್ನಡಿಯಲ್ಲಿ ರಸ್ತೆ ಕಾಣಲ್ಲ, ಬರೀ ಕ್ಯಾಂಪರ್ ಗೋಡೆ ಕಾಣುತ್ತದೆ ಅಂತ ಬರೆದಿದ್ದೀಯ. ಮೊನ್ನೆ ಅಳಿಯಂದಿರು ರಿವರ್ಸ್ ತೆಗೆಯುವಾಗ ಪಾಪು ಎಲ್ಲಿದ್ದಾನೆ ಅಂತ ಗೊತ್ತಾಗದೆ ಎದೆ ಧಸಕ್ ಅಂದಿತು ಅಂತಲೂ ಬರೆದಿದ್ದೀಯ. ದೇವರಮನೆ ಬೆಟ್ಟಕ್ಕೆ ಹೊರಡುವ ಮೊದಲು ಕ್ಯಾಮೆರಾ ಹಾಕಿಸಬೇಕಾ, ಹಾಸನದ ಅಂಗಡಿಯವರು ವೈರ್‌ಲೆಸ್ ಸಾಕು ಅನ್ನುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೀಯ. ಬೆಳಿಗ್ಗೆಯಿಂದ ಗ್ರೂಪಿನಲ್ಲಿ ಎಲ್ಲರೂ ಬರೀ ಕೈ ಮುಗಿಯುವ ಚಿತ್ರ, ಹೆಬ್ಬೆರಳಿನ ಚಿತ್ರ ಹಾಕಿದ್ದಾರೆ. ಒಬ್ಬರೂ ಉತ್ತರ ಕೊಟ್ಟಿಲ್ಲ. ಅದಕ್ಕೇ ನಿನ್ನ ದೊಡ್ಡಮ್ಮ ನಾನೇ ಮಾತಾಡುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಕೆಲಸ ಮುಗಿಸಿಕೊಂಡು ಕೇಳು.

ಹಾಕಿಸು. ಅದರಲ್ಲಿ ಯೋಚನೆ ಮಾಡುವುದು ಏನೂ ಇಲ್ಲ. ಆದರೆ ಕ್ಯಾಮೆರಾ ಬರುವುದಕ್ಕೆ ಮೊದಲೂ, ಬಂದ ಮೇಲೂ ಒಂದು ಮಾತು ನೆನಪಿಟ್ಟುಕೋ. ಗಾಡಿಯ ನೇರ ಹಿಂದೆ ಯಾರನ್ನೂ ನಿಲ್ಲಿಸಬೇಡಿ. ದಾರಿ ತೋರಿಸುವುದಕ್ಕೂ ನಿಲ್ಲಿಸಬೇಡಿ. ದೊಡ್ಡವರನ್ನೂ ಬೇಡ, ಮಕ್ಕಳನ್ನಂತೂ ಬೇಡವೇ ಬೇಡ.

ನಿಮ್ಮ ದೊಡ್ಡಪ್ಪನ ಸೊಂಟ ಮುರಿದಿದ್ದು ನಿಮಗೆಲ್ಲ ಗೊತ್ತು. ಹೇಗೆ ಅಂತ ಸರಿಯಾಗಿ ಗೊತ್ತಿರುವವರು ಕಡಿಮೆ. ಲಾರಿ ಗುದ್ದಿತು ಅಂತ ಅಷ್ಟೇ ಹೇಳಿಕೊಂಡು ಬಂದಿದ್ದೀರಿ. ನೀನು ಆಗ ಹುಟ್ಟಿರಲಿಲ್ಲ.

ರೋಬಸ್ಟಾ ಕುಯ್ಲು ಮುಗಿಯುತ್ತಾ ಬಂದಿತ್ತು. ಹಳೇ ಮನೆ ಕಣ ಹೇಗಿದೆ ಅಂತ ಗೊತ್ತಲ್ಲ, ಒಂದು ಕಡೆ ಗೋಡೌನು, ಒಂದು ಕಡೆ ಕೆರೆ ಏರಿ. ಕಣದ ತುಂಬ ಕಾಫಿ ಹರಡಿತ್ತು. ಚೆರ‍್ರಿ, ಅಂದರೆ ಒಣಗಿಸಿದ ಕಾಫಿ ಹಣ್ಣಿನ ಮೂಟೆ ತುಂಬಲು ಕ್ಯಾಂಟರ್ ಲಾರಿ ಬಂತು. ತಿರುಗಿಸಲು ಜಾಗ ಇಲ್ಲ, ಗೇಟಿನಿಂದ ಗೋಡೌನಿನವರೆಗೂ ರಿವರ್ಸಲ್ಲೇ ಬರಬೇಕು. ಕ್ಲೀನರ್ ಹುಡುಗ ನೀರು ಕುಡಿಯಲು ಆಳುಗಳ ಲೈನ್ ಮನೆ ಕಡೆ ಹೋಗಿದ್ದ. ನಿಮ್ಮ ದೊಡ್ಡಪ್ಪನೇ ಹಿಂದೆ ನಿಂತು ‘ಬರ್ಲಿ, ಬರ್ಲಿ’ ಅಂತ ಕೈ ಬೀಸುತ್ತಿದ್ದರು.

ಅದು ಕಾಫಿ ಹೂ ಬಿಡಲಿ ಅಂತ ಗಿಡಕ್ಕೆ ಸ್ಪ್ರಿಂಕ್ಲರ್ ನೀರು ಹಾಕುವ ಕಾಲ. ಕೆರೆ ಏರಿ ಮೇಲೆ ಡೀಸೆಲ್ ಎಂಜಿನ್ ಒಂದೇ ಸಮ ಓಡುತ್ತಿತ್ತು. ಪಕ್ಕದಲ್ಲಿ ನಿಂತವರ ಮಾತೇ ಕೇಳಿಸುತ್ತಿರಲಿಲ್ಲ. ಡ್ರೈವರ್ ಒಳ್ಳೆಯ ಮನುಷ್ಯ. ಕುಡಿದಿರಲಿಲ್ಲ, ಅವಸರದಲ್ಲೂ ಇರಲಿಲ್ಲ. ಬಲಗಡೆ ಕನ್ನಡಿಯಲ್ಲಿ ಇವರ ಕೈ ನೋಡಿಕೊಂಡೇ ಬರುತ್ತಿದ್ದ. ಅಷ್ಟರಲ್ಲಿ ಕಾಫಿ ಎಳೆಯುವ ಹಲಗೆ ಚಕ್ರದ ದಾರಿಯಲ್ಲಿ ಬಿದ್ದಿರುವುದು ಇವರ ಕಣ್ಣಿಗೆ ಬಿತ್ತು. ಮುರಿದು ಹೋಗುತ್ತದೆ ಅಂತ ಅದನ್ನು ತೆಗೆಯಲು ಎರಡು ಹೆಜ್ಜೆ ಒಳಗೆ ಬಂದು ಬಗ್ಗಿದರು. ಅಷ್ಟೇ. ಕನ್ನಡಿಯಿಂದ ಮಾಯವಾದರು. ಇವರು ಪಕ್ಕಕ್ಕೆ ಸರಿದಿದ್ದಾರೆ, ದಾರಿ ಖಾಲಿ ಇದೆ ಅಂತ ಅವನು ಅಂದುಕೊಂಡ. ‘ಹೋಲ್ಡಾನ್’ ಅಂತ ಇವರು ಕೂಗಿದ್ದು ಅವನಿಗೆ ಕೇಳಿಸಲಿಲ್ಲ. ಗೋಡೌನ್ ಜಗಲಿಗೂ ಲಾರಿಯ ಹಿಂದಿನ ಹಲಗೆಗೂ ನಡುವೆ ಸಿಕ್ಕಿಕೊಂಡರು. ಮೂಟೆ ಹೊಲಿಯುತ್ತಿದ್ದ ಹೆಂಗಸರು ಕಿರುಚಿಕೊಂಡು ಓಡಿ ಬಂದು ಲಾರಿ ಬಾಗಿಲು ಬಡಿದ ಮೇಲೆ ಅವನು ನಿಲ್ಲಿಸಿದ್ದು.

ಜೀಪಿನಲ್ಲಿ ಹಾಸಿಗೆ ಹಾಕಿ ಮಲಗಿಸಿ ಮೂಡಿಗೆರೆಗೆ ಕರೆದುಕೊಂಡು ಹೋದೆವು. ಅಲ್ಲಿಂದ ರಾತ್ರೋರಾತ್ರಿ ಚಾರ್ಮಾಡಿ ಇಳಿದು ಮಂಗಳೂರಿಗೆ. ಘಾಟಿಯ ಒಂದೊಂದು ತಿರುವಿನಲ್ಲೂ ಅವರು ಪಟ್ಟ ನೋವು ನಾನು ಕಂಡಿದ್ದೇನೆ. ಅಷ್ಟು ಗಟ್ಟಿ ಮನುಷ್ಯ, ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು ತೋಟ ನಡೆಯುತ್ತಿದ್ದವರು. ಆಮೇಲೆ ಮೇಲಿನ ತೋಟ ಹತ್ತಲೇ ಇಲ್ಲ. ಈಗಲೂ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಾರೆ, ನೀನೇ ನೋಡಿದ್ದೀಯಲ್ಲ.

ಡ್ರೈವರ್ ಮೇಲೆ ನಾನು ಯಾವತ್ತೂ ತಪ್ಪು ಹೊರಿಸಿಲ್ಲ. ಅವನಿಗೆ ಕಾಣಲೇ ಇಲ್ಲವಲ್ಲ. ಎರಡು ಕಡೆಯ ಕನ್ನಡಿ ಎರಡು ಪಕ್ಕ ತೋರಿಸುತ್ತವೆ. ನಡುವೆ, ಗಾಡಿಯಷ್ಟೇ ಅಗಲದ ಜಾಗ ಡ್ರೈವರ್ ಪಾಲಿಗೆ ಇಲ್ಲವೇ ಇಲ್ಲ. ನಿಮ್ಮ ಇಸುಜು ಪಿಕಪ್ ಮೊದಲೇ ಐದು ಮೀಟರಿಗಿಂತ ಉದ್ದ. ಅದರ ಮೇಲೆ ಕ್ಯಾಂಪರ್ ಅಂದರೆ ಆ ಕ್ಯಾಂಟರಿಗೂ ಇದಕ್ಕೂ ಏನು ವ್ಯತ್ಯಾಸ ಹೇಳು? ಅವತ್ತು ಅಲ್ಲಿದ್ದವರು ಆರಡಿ ಮನುಷ್ಯ. ನಿನ್ನ ಪಾಪು ಇನ್ನೂ ಬಂಪರ್ ಎತ್ತರವೂ ಇಲ್ಲ. ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ. ಗಾಡಿಯ ನೇರ ಹಿಂದೆ ಯಾರೂ ನಿಲ್ಲಬಾರದು. ದಾರಿ ತೋರಿಸುವವರು ಬಲಗಡೆ, ಓಡಿಸುವವರ ಕನ್ನಡಿಯಲ್ಲಿ ಮುಖ ಕಾಣುವ ಕಡೆ ನಿಲ್ಲಲಿ. ಮುಖ ಕಾಣದೇ ಹೋದರೆ ಆ ಕ್ಷಣ ಬ್ರೇಕ್ ಒತ್ತಿ. ಇಳಿದು ನೋಡಿ, ಆಮೇಲೆ ಮುಂದಿನ ಮಾತು.

ಅಮೆರಿಕದಲ್ಲಿರುವ ನಿಮ್ಮಣ್ಣ ಒಂದು ಸಲ ಹೇಳಿದ್ದ. ಅಲ್ಲಿ 2002ರಲ್ಲಿ ಒಬ್ಬ ತಂದೆ ಮನೆ ಮುಂದೆ ಗಾಡಿ ಹಿಂದಕ್ಕೆ ತೆಗೆಯುವಾಗ ಅವನದೇ ಎರಡು ವರ್ಷದ ಮಗು ಸಿಕ್ಕಿ ತೀರಿಕೊಂಡಿತಂತೆ. ಆತ ಮಕ್ಕಳ ಡಾಕ್ಟರ್. 2008ರಲ್ಲಿ ಆ ಮಗುವಿನ ಹೆಸರಿನಲ್ಲೇ ಕಾನೂನು ತಂದರು. 2018ರ ಮೇ ತಿಂಗಳಿಂದ ಅಲ್ಲಿ ಮಾರುವ ಹೊಸ ಕಾರು, ಪಿಕಪ್ ಎಲ್ಲಕ್ಕೂ ಹಿಂದಿನ ಕ್ಯಾಮೆರಾ ಇರಲೇಬೇಕು. ನಮ್ಮಲ್ಲಿ 2019ರ ಜುಲೈಯಿಂದ ಹೊಸ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯ ಮಾಡಿದ್ದಾರೆ. ಆ ತಂದೆಯ ಸಂಕಟ ನೆನೆಸಿಕೊಂಡರೆ ನನಗೆ ಇವತ್ತಿಗೂ ನಿದ್ದೆ ಹತ್ತಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಕಣದಲ್ಲಿ ತಿರುಗಿಸಲು ಜಾಗ ಇದ್ದಿದ್ದರೆ ಅವತ್ತು ಆ ಕ್ಯಾಂಟರ್ ರಿವರ್ಸ್ ಬರುತ್ತಲೇ ಇರಲಿಲ್ಲ. ಆಸ್ತಿ ಪಾಲಾದಾಗ ಗೇಟಿನ ಪಕ್ಕದ ಆ ತುಂಡು ಜಾಗ ಎರಡು ಮನೆಗೂ ಸೇರಿದ್ದು, ಗಾಡಿ ತಿರುಗಿಸಲು ಇರಲಿ ಅಂತ ಎಲ್ಲರೂ ಕೂತು ಮಾತಾಡಿದ್ದು. ಹಿರಿಯರ ಎದುರೇ ಮಾತಾಗಿದ್ದು. ಒಂದು ಮಳೆಗಾಲ ಕಳೆದು ನೋಡುವಷ್ಟರಲ್ಲಿ ಅಲ್ಲಿ ಬೇಲಿ ಬಂದಿತ್ತು. ಕೇಳಿದರೆ, ಸಿಲ್ವರ್ ಓಕ್ ಗಿಡ ನೆಟ್ಟಿದ್ದೇವೆ, ದನ ಬರುತ್ತವೆ ಅಂದರು. ಹೆಸರು ಎತ್ತುವುದಿಲ್ಲ, ಅವರ ಮಕ್ಕಳೂ ಇದೇ ಗ್ರೂಪಿನಲ್ಲಿದ್ದಾರೆ, ಮಕ್ಕಳದು ಏನೂ ತಪ್ಪಿಲ್ಲ. ಇವರು ಮಂಗಳೂರಿನಲ್ಲಿ ಮಲಗಿದ್ದಾಗ ನೋಡಲು ಬಂದರು, ಸೇಬು ತಂದರು. ಬೇಲಿ ಮಾತ್ರ ಹಿಂದಕ್ಕೆ ಸರಿಸಲಿಲ್ಲ. ನಿನ್ನಮ್ಮ ‘ಹೋಗಲಿ ಬಿಡಕ್ಕ’ ಅಂದಳು. ಹೇಗೆ ಬಿಡಲಿ? ಇವತ್ತಿಗೂ ಗೊಬ್ಬರದ ಗಾಡಿ ಬಂದರೆ ರಿವರ್ಸಲ್ಲೇ ಬರಬೇಕು. ಪ್ರತಿ ಸಲವೂ ನಾನು ಹೊರಗೆ ಬಂದು ನಿಂತು, ಹೆಂಗಸರನ್ನೆಲ್ಲ ಜಗಲಿ ಮೇಲೆ ಹತ್ತಿಸಿ ಆಮೇಲೆ ಬಾ ಅನ್ನುತ್ತೇನೆ. ನಾಲ್ಕು ಅಡಿ ಜಾಗ. ಅದಕ್ಕಿಂತ ಮನುಷ್ಯ ಕಡಿಮೆ ಆದನಾ?

ಸರಿ, ನೀನು ಕೇಳಿದ್ದು ಕ್ಯಾಮೆರಾ. ನಮ್ಮ ತೋಟದ ಪಿಕಪ್ಪಿಗೆ ಹಾಕಿಸಿದಾಗ ನಾನು ಎಲೆಕ್ಟ್ರಿಷಿಯನ್ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದೆ. ಒಂದೊಂದೂ ಕೇಳಿ ತಿಳಿದುಕೊಂಡೆ.

ವೈರ್‌ಲೆಸ್ ಬೇಡ. ವೈರ್‌ಲೆಸ್ ಅಂದರೂ ಕ್ಯಾಮೆರಾಗೆ ಕರೆಂಟ್ ಬೇಕಲ್ವಾ, ಅದಕ್ಕೆ ವೈರ್ ಎಳೆಯಲೇಬೇಕು. ಚಿತ್ರ ಮಾತ್ರ ಗಾಳಿಯಲ್ಲಿ ಬರುತ್ತದೆ. ಎಷ್ಟೋ ವೈರ್‌ಲೆಸ್ ಕ್ಯಾಮೆರಾಗಳು 2.4 ಗಿಗಾಹರ್ಟ್ಸ್ ರೇಡಿಯೋ ಅಲೆಯಲ್ಲಿ ಕೆಲಸ ಮಾಡುತ್ತವೆ, ವೈಫೈ, ಬ್ಲೂಟೂತ್ ಎಲ್ಲ ಇರುವುದೂ ಅಲ್ಲೇ, ಒಂದಕ್ಕೊಂದು ಅಡ್ಡ ಬರಬಹುದು. ನಡುವೆ ಕ್ಯಾಂಪರಿನ ತಗಡು ಬೇರೆ. ಚಿತ್ರ ಒಂದು ಗಳಿಗೆ ನಿಂತುಬಿಟ್ಟರೆ ಹಳೆಯ ಚಿತ್ರ ನೋಡಿಕೊಂಡೇ ಹಿಂದೆ ಹೋಗುತ್ತೀರಿ. ಅದು ಕ್ಯಾಮೆರಾ ಇಲ್ಲದ್ದಕ್ಕಿಂತ ಅಪಾಯ. ಹೇಗೂ ವೈರ್ ಎಳೆಯುತ್ತೀರಿ, ಚಿತ್ರದ ಕೇಬಲ್ಲನ್ನೂ ಜೊತೆಗೇ ಎಳೆಸಿ.

ಕ್ಯಾಂಪರ್ ಇಳಿಸುವಂಥದ್ದು ಅಂತ ಅಳಿಯಂದಿರು ಹೇಳಿದ್ದು ನೆನಪಿದೆ. ಹಾಗಾದರೆ ಪಿಕಪ್ ತೊಟ್ಟಿಗೂ ಕ್ಯಾಂಪರಿಗೂ ನಡುವೆ ಕೇಬಲ್ ಬಿಚ್ಚಿ ಸೇರಿಸುವ ಹಾಗೆ ಪ್ಲಗ್ ಇರಬೇಕು. ತಿರುಗಿಸಿ ಬಿಗಿ ಮಾಡುವ, ನೀರು ಹೋಗದ ಪ್ಲಗ್ ಸಿಗುತ್ತದೆ, ಅಂಗಡಿಯಲ್ಲಿ ಏವಿಯೇಶನ್ ಕನೆಕ್ಟರ್ ಅಂತ ಕೇಳಿ. ಅದಿಲ್ಲದೆ ಇಡೀ ಕೇಬಲ್ ಒಂದೇ ಎಳೆದರೆ, ಕ್ಯಾಂಪರ್ ಎತ್ತುವ ದಿನ ಮರೆತು ಎತ್ತಿ ಕಿತ್ತು ಹಾಕುತ್ತೀರಿ.

ಕ್ಯಾಮೆರಾ ಕ್ಯಾಂಪರಿನ ಹಿಂದಿನ ಬಾಗಿಲ ಮೇಲೆ, ನಟ್ಟನಡುವೆ, ಎತ್ತರದಲ್ಲಿ ಇರಲಿ. ನಂಬರ್ ಪ್ಲೇಟ್ ಹತ್ತಿರ ಬೇಡ, ನಮ್ಮ ಕೆಸರಿಗೆ ಅರ್ಧ ದಿನದಲ್ಲಿ ಮುಚ್ಚಿಹೋಗುತ್ತದೆ. ಮುಖ ಕೆಳಗೆ ಮಾಡಿಸಿ. ಪರದೆಯ ಕೆಳ ಅಂಚಿನಲ್ಲಿ ಬಂಪರ್ ಸ್ವಲ್ಪ ಕಾಣಬೇಕು. ದೂರದ ಗುಡ್ಡ ಚೆನ್ನಾಗಿ ಕಂಡು ಬಂಪರ್ ಕಾಣದಿದ್ದರೆ ಪಾಪು ನಿಲ್ಲುವ ಜಾಗವೂ ಕಾಣಲ್ಲ. ಬಂಪರಿನ ಸೆನ್ಸರನ್ನು ಪೂರ್ತಿ ನಂಬಬೇಡಿ. ಕ್ಯಾಂಪರ್ ಬಂಪರಿಗಿಂತ ಹಿಂದಕ್ಕೆ ಚಾಚಿಕೊಂಡಿದ್ದರೆ ಅದು ಕ್ಯಾಂಪರನ್ನೇ ಅಡ್ಡಿ ಅಂತ ಕೂಗುತ್ತಿರುತ್ತದೆ, ಇಲ್ಲ ಸುಮ್ನೆ ಇರುತ್ತದೆ.

ತೂತು ಹೊಡೆದ ಕಡೆ ರಬ್ಬರ್ ಬುಷ್ ಹಾಕಿ ಸಿಲಿಕೋನ್ ಬಳಿಯಲಿ. ವೈರ್ ಒಳಗೆ ಹೋಗುವ ಮೊದಲು ಕೆಳಕ್ಕೆ ಸ್ವಲ್ಪ ಜೋತು ಬಿಟ್ಟು ಮೇಲೆ ಹೋಗಲಿ, ಆಗ ಮಳೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಗೋಡೆಯೊಳಗೆ ಹೋಗಲ್ಲ. ಕ್ಯಾಮೆರಾ ಡಬ್ಬದ ಮೇಲೆ ಐಪಿ 67 ಅಥವಾ ಅದಕ್ಕಿಂತ ಜಾಸ್ತಿ ಅಂತ ಇರಬೇಕು, ಅದು ಧೂಳು, ನೀರು ಎಷ್ಟು ತಡೆಯುತ್ತದೆ ಅನ್ನುವ ಗುರುತು. ನಮ್ಮ ಕಡೆಯ ಜುಲೈ ಮಳೆಗೆ ಕಡಿಮೆಯದು ನಿಲ್ಲಲ್ಲ. ದಿನಾ ಹೊರಡುವಾಗ ಗಾಜು ಒರೆಸಿ.

ಕ್ಯಾಮೆರಾಗೆ ಕರೆಂಟನ್ನು ರಿವರ್ಸ್ ಲೈಟಿನಿಂದ ತೆಗೆಯುತ್ತಾರೆ, 12 ವೋಲ್ಟ್. ಕೆಲವು ಹೊಸ ಗಾಡಿಗಳಲ್ಲಿ ಆ ಲೈಟಿನ ಕರೆಂಟ್ ಬಿಟ್ಟು ಬಿಟ್ಟು ಬರುತ್ತದೆ, ಚಿತ್ರ ಮಿಣಮಿಣ ಅನ್ನುತ್ತದೆ. ಆಗ ಕರೆಂಟನ್ನು ಒಂದೇ ಸಮ ಮಾಡುವ, ಫಿಲ್ಟರ್ ಇರುವ ರಿಲೇ ಹಾಕಿಸಬೇಕು. ದೇವರಮನೆ ದಾರಿ ಕಿರಿದು, ಎದುರಿಗೆ ಜೀಪ್ ಬಂದರೆ ಎಷ್ಟೋ ದೂರ ಹಿಂದೆ ಸರಿಯಬೇಕಾಗುತ್ತದೆ. ಬೇಕಾದಾಗ ಮುಂದೆ ಹೋಗುವಾಗಲೂ ಹಿಂದಿನದು ನೋಡಲು ಒಂದು ಸ್ವಿಚ್ ಕೇಳಿ. ಪರದೆಯಲ್ಲಿ ಎಡ ಬಲ ಕನ್ನಡಿಯ ಹಾಗೇ ಬರಬೇಕು. ಉಲ್ಟಾ ಬಂದರೆ ಸೆಟ್ಟಿಂಗಿನಲ್ಲಿ ಸರಿ ಮಾಡುತ್ತಾರೆ, ಬಿಡಬೇಡಿ.

ಮನೆಗೆ ತಂದ ಮೇಲೆ ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಹಿಂದಿನ ತುದಿಯಿಂದ ಒಂದು ಮೀಟರಿಗೆ ಒಂದು ಬಕೆಟ್, ಎರಡು ಮೀಟರಿಗೆ ಒಂದು ಬಕೆಟ್ ಇಟ್ಟು ನೋಡಿ. ಈ ಕ್ಯಾಮೆರಾ ಗಾಜು ಅಗಲಕ್ಕೆ ತೋರಿಸುತ್ತದೆ, ಅದಕ್ಕೇ ಹತ್ತಿರದ್ದೂ ದೂರ ಇದ್ದ ಹಾಗೆ ಕಾಣುತ್ತದೆ. ಪರದೆಯಲ್ಲಿ ಮೊದಲೇ ಬರುವ ಹಸಿರು, ಕೆಂಪು ಗೆರೆ ನಿಮ್ಮ ಗಾಡಿಗೆ ಅಳತೆ ಮಾಡಿ ಹಾಕಿದ್ದಲ್ಲ. ಬಕೆಟ್ ಎಲ್ಲಿ ಕಾಣುತ್ತದೋ ಅಲ್ಲಿ ಪರದೆ ಅಂಚಿಗೆ ಸಣ್ಣ ಟೇಪ್ ಅಂಟಿಸಿಕೊಳ್ಳಿ. ಕತ್ತಲಾದ ಮೇಲೂ ಒಂದು ಸಲ ಹೀಗೇ ನೋಡಿ.

ಕ್ಯಾಮೆರಾ ವೈರಿಗೆ ಬೇರೆ ಸಣ್ಣ ಫ್ಯೂಸ್ ಹಾಕಿದ್ದಾರಾ, ಎಲ್ಲಿ ಹಾಕಿದ್ದಾರೆ ಅಂತ ದುಡ್ಡು ಕೊಡುವ ಮೊದಲೇ ತೋರಿಸಿಕೊಳ್ಳಿ. ಅದರ ಫೋಟೋ ತೆಗೆದು ನನಗೂ ಕಳಿಸು.