ಎಕ್ಸ್‌ಎಲ್‌ಸಿಆರ್, ಎಕ್ಸ್‌ಆರ್ 1000, ಬ್ಯುಯೆಲ್: ಸಂಗ್ರಹಕ್ಕೆ ಯಾವುದು ಯೋಗ್ಯ?

ಪ್ರಶ್ನೆ (ಬಸವನಗುಡಿಯ ಸದಸ್ಯರು)

ಎಲ್ಲರಿಗೂ ನಮಸ್ಕಾರ. ವಿಸ್ಕಾನ್ಸಿನ್‌ನಲ್ಲಿರುವ ನನ್ನ ಅಣ್ಣನೂ ನಾನೂ ಸೇರಿ ಹಣ ಹಾಕಿ, ಕಡಿಮೆ ಸಂಖ್ಯೆಯಲ್ಲಿ ತಯಾರಾದ ಅಮೆರಿಕದ ಸ್ಪೋರ್ಟ್ ಬೈಕೊಂದನ್ನು ಕೊಳ್ಳಬೇಕೆಂದಿದ್ದೇವೆ. ಅವನಿರುವ ಊರಿನ ಸುತ್ತಮುತ್ತ ಸದ್ಯಕ್ಕೆ ಮೂರು ಗಾಡಿಗಳು ಮಾರಾಟಕ್ಕಿವೆ: 1977ರ ಹಾರ್ಲೆ-ಡೇವಿಡ್‌ಸನ್ ಎಕ್ಸ್‌ಎಲ್‌ಸಿಆರ್, 1984ರ ಹಾರ್ಲೆ ಎಕ್ಸ್‌ಆರ್ 1000 ಮತ್ತು 2009ರ ಬ್ಯುಯೆಲ್ 1125ಆರ್. ಬ್ಯುಯೆಲ್‌ನ ಮಾಲೀಕರು, ಕಂಪನಿ ಬಾಗಿಲು ಹಾಕಿದ ವರ್ಷದ ಗಾಡಿಯಾದ್ದರಿಂದ ಇದರ ಬೆಲೆ ಏರಲೇಬೇಕು ಎನ್ನುತ್ತಿದ್ದಾರೆ. ತಯಾರಾದ ಸಂಖ್ಯೆ ಕಡಿಮೆ ಎಂಬುದೊಂದೇ ಸಾಕೇ, ಬೇರೆ ಏನನ್ನು ನೋಡಬೇಕು? ಮುಂದೆಂದಾದರೂ ಅದನ್ನು ಬೆಂಗಳೂರಿಗೆ ತರಿಸಿಕೊಳ್ಳಬಹುದೇ ಎಂಬುದನ್ನೂ ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಉತ್ತರ (ಮಲ್ಲೇಶ್ವರದ ಸದಸ್ಯರು)

ಎಷ್ಟು ತಯಾರಾದವು ಎಂದು ಕೇಳುವುದಕ್ಕಿಂತ ಮೊದಲು, ಏಕೆ ಅಷ್ಟೇ ತಯಾರಾದವು ಎಂದು ಕೇಳಬೇಕು ಎನ್ನುವುದು ನನ್ನ ಅಭಿಪ್ರಾಯ. ಹಾರ್ಲೆಯ ವಿಆರ್ 1000 ಇದಕ್ಕೆ ಅತ್ಯಂತ ಸ್ಪಷ್ಟವಾದ ಉದಾಹರಣೆ. ಸೂಪರ್‌ಬೈಕ್ ರೇಸಿಗೆ ಇಳಿಯಬೇಕಾದರೆ ರಸ್ತೆಗೆ ಯೋಗ್ಯವಾದ ಗಾಡಿಗಳನ್ನೂ ತಯಾರಿಸಿ ತೋರಿಸಬೇಕೆಂಬ ನಿಯಮವಿದ್ದುದರಿಂದ, 1994ರಲ್ಲಿ ಕಂಪನಿ ಅಂಥ 50 ಗಾಡಿಗಳನ್ನು ಮಾಡಿ, ತನ್ನ ದೇಶದಲ್ಲಿ ಅಲ್ಲ, ದೂರದ ಪೋಲೆಂಡಿನಲ್ಲಿ ರಸ್ತೆಯ ಅನುಮತಿ ಪಡೆಯಿತು. ಅದು ರೇಸಿನಲ್ಲಿ ಹೇಳಿಕೊಳ್ಳುವಂಥದ್ದೇನನ್ನೂ ಗೆಲ್ಲಲಿಲ್ಲ. ಆದರೂ ಇಂದು ಸಂಗ್ರಾಹಕರು ಅದರ ಹಿಂದೆ ಬೀಳುತ್ತಾರೆ. ಒಂದು ಕಡೆ ಕಿತ್ತಳೆ, ಇನ್ನೊಂದು ಕಡೆ ಕಪ್ಪು ಬಣ್ಣದ ಆ ಗಾಡಿಗೆ ಹುಟ್ಟುವ ಕಾರಣವೇ ಒಂದು ಕಥೆಯಾಗಿದೆ.

ನಿಮ್ಮ ಪಟ್ಟಿಯಲ್ಲಿ ಈ ಬಗೆಯ ಕಾರಣ ಹೆಚ್ಚಾಗಿರುವುದು ಎಕ್ಸ್‌ಆರ್ 1000ಕ್ಕೆ. ಹಾರ್ಲೆಯ ಸಾಮಾನ್ಯ ಮಾದರಿಯಾದ ಸ್ಪೋರ್ಟ್‌ಸ್ಟರ್‌ನ ಎಂಜಿನ್ನಿನ ಕೆಳಭಾಗದ ಮೇಲೆ, ಮಣ್ಣಿನ ಟ್ರ್ಯಾಕಿನ ರೇಸಿನಲ್ಲಿ ಹೆಸರು ಮಾಡಿದ್ದ ಎಕ್ಸ್‌ಆರ್ 750ರ ಮಾದರಿಯ ಅಲ್ಯೂಮಿನಿಯಂ ಹೆಡ್ಡುಗಳನ್ನು ಕೂರಿಸಿ, ಬಲಗಡೆಗೆ ಎರಡು ಡೆಲೋರ್ಟೊ ಕಾರ್ಬ್ಯುರೇಟರ್‌ಗಳನ್ನೂ ಎಡಗಡೆಗೆ ಮೇಲೆತ್ತಿದ ಎರಡು ಸೈಲೆನ್ಸರ್‌ಗಳನ್ನೂ ಕೊಟ್ಟು 1983ರಲ್ಲಿ ಅದನ್ನು ಹೊರತಂದರು. ಅದೇ ವರ್ಷ ಅಮೆರಿಕದ ಡೇಟೋನಾ ರೇಸ್ ಟ್ರ್ಯಾಕಿನಲ್ಲಿ ಜೇ ಸ್ಪ್ರಿಂಗ್‌ಸ್ಟೀನ್ ಈ ಬಗೆಯ ಎಂಜಿನ್ನಿನ ಕಾರ್ಖಾನೆ ರೇಸ್ ಗಾಡಿಯಲ್ಲಿ ಅವಳಿ ಸಿಲಿಂಡರಿನ ಗಾಡಿಗಳ ರೇಸನ್ನು ಗೆದ್ದಿದ್ದರು. ಬೆಲೆ 7,000 ಡಾಲರಿನ ಹತ್ತಿರವಿದ್ದುದರಿಂದ ಗಿರಾಕಿಗಳು ಹಿಂಜರಿದರು. ಎರಡು ವರ್ಷಗಳಲ್ಲಿ ಸುಮಾರು 1,800 ಮಾತ್ರ ತಯಾರಾದವು. ಉಳಿದ ಎಂಜಿನ್‌ಗಳನ್ನು ಬ್ಯುಯೆಲ್ ಕಂಪನಿಯ ಸ್ಥಾಪಕ ಎರಿಕ್ ಬ್ಯುಯೆಲ್ ತೆಗೆದುಕೊಂಡು ತಮ್ಮ ಆರ್‌ಆರ್ 1000 ಗಾಡಿಗಳಿಗೆ ಹಾಕಿದರು, ಅವು 50ರಷ್ಟೇ. ಹೀಗೆ ಒಂದು ಎಂಜಿನ್ನಿಗೆ ಹಿಂದೆಯೂ ಮುಂದೆಯೂ ವಂಶಾವಳಿ ಸಿಗುವುದು ಅಪರೂಪ.

ಎಕ್ಸ್‌ಎಲ್‌ಸಿಆರ್ ಬೇರೆಯೇ ಜಾತಿ. ಹಾರ್ಲೆಯ ವಿನ್ಯಾಸಕ ವಿಲಿ ಜಿ. ಡೇವಿಡ್‌ಸನ್ ರೂಪಿಸಿದ ಆ ಅಚ್ಚ ಕಪ್ಪು ಗಾಡಿ ಒಳಗೆ ಬಹುಪಾಲು ಸ್ಪೋರ್ಟ್‌ಸ್ಟರ್ರೇ. ಆಗ ಮಾರಾಟವಾಗದೆ ಅಂಗಡಿಗಳಲ್ಲೇ ಉಳಿದು, ಒಟ್ಟು 3,100ರಷ್ಟಕ್ಕೆ ನಿಂತಿತು. ಅದನ್ನು ಕೊಳ್ಳುವವರು ರೂಪಕ್ಕೆ ಮನಸೋತು ಕೊಳ್ಳುತ್ತಾರೆ, ಅದರಲ್ಲಿ ತಪ್ಪೇನಿಲ್ಲ.

ಉತ್ತರ (ರಾಜಾಜಿನಗರದ ಸದಸ್ಯರು)

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಕಥೆಗೆ ದುಡ್ಡು ಕೊಡುವ ಮುನ್ನ ಲೋಹವನ್ನು ಪರೀಕ್ಷಿಸಬೇಕು. ಎಕ್ಸ್‌ಎಲ್‌ಸಿಆರ್‌ನ ಟ್ಯಾಂಕು, ಸೀಟು, ಮುಂದಿನ ಚಿಕ್ಕ ಫೇರಿಂಗ್ (ಗಾಳಿ ತಡೆಯುವ ಹೊದಿಕೆ) ಮೊದಲಾದವನ್ನು ಹೊಸದಾಗಿ ಮಾಡಿ ಮಾರುವವರಿರುವುದರಿಂದ, ಸಾಧಾರಣ ಸ್ಪೋರ್ಟ್‌ಸ್ಟರ್‌ಗೆ ಆ ವೇಷ ಹಾಕುವುದು ಕಷ್ಟವಲ್ಲ. 1970ರಿಂದ 1980ರವರೆಗಿನ ಹಾರ್ಲೆಗಳಲ್ಲಿ ಚಾಸಿಯ ಮೇಲೂ ಎಂಜಿನ್ನಿನ ಮೇಲೂ ಒಂದೇ ನಂಬರು ಹೊಡೆದಿರುತ್ತಾರೆ. ಅದರ ಮೊದಲ ಭಾಗ ಮಾದರಿಯನ್ನೂ ಕೊನೆಯ ಭಾಗ ವರ್ಷವನ್ನೂ ಹೇಳುತ್ತದೆ, 1977ರದ್ದಾದರೆ ಎಚ್7 ಎಂದಿರಬೇಕು. ನಿಮ್ಮ ಅಣ್ಣನವರು ಟಾರ್ಚು ಹಿಡಿದು ಎರಡೂ ಕಡೆಯ ಅಂಕಿಗಳನ್ನು ಹತ್ತಿರದಿಂದ ಫೋಟೋ ತೆಗೆಯಲಿ: ಅಕ್ಷರಗಳ ಆಳ ಒಂದೇ ಸಮನಾಗಿದೆಯೇ, ಸುತ್ತಲಿನ ಲೋಹವನ್ನು ಗ್ರೈಂಡರಿನಿಂದ ಉಜ್ಜಿದ ಗುರುತಿದೆಯೇ, ಅಂಕಿಯೊಳಗೆ ಹೊಸ ಬಣ್ಣ ತುಂಬಿದೆಯೇ ಎಂಬುದು ಅದರಲ್ಲಿ ಕಾಣುತ್ತದೆ. ಮಾಲೀಕತ್ವದ ಪತ್ರದಲ್ಲಿರುವ ನಂಬರಿಗೂ ಇದಕ್ಕೂ ಒಂದು ಅಕ್ಷರ ವ್ಯತ್ಯಾಸ ಬಂದರೂ ಮಾತುಕತೆ ನಿಲ್ಲಿಸುವುದು ಒಳ್ಳೆಯದು.

ಎಕ್ಸ್‌ಆರ್ 1000ದಲ್ಲಿ ನಕಲಿಗಿಂತ ಬದಲಾವಣೆಯ ಭಯ ಹೆಚ್ಚು. ವೇಗದ ಆಸೆಗೆ ಕೊಂಡವರು ಸೈಲೆನ್ಸರ್, ಏರ್ ಫಿಲ್ಟರ್ ಎಲ್ಲವನ್ನೂ ಬದಲಿಸಿಬಿಡುತ್ತಿದ್ದರು. ಕಳಚಿದ ಮೂಲ ಭಾಗಗಳು ಪೆಟ್ಟಿಗೆಯಲ್ಲಿ ಗಾಡಿಯ ಜೊತೆಗೇ ಬಂದರೆ ಆ ಪೆಟ್ಟಿಗೆಗೂ ಬೆಲೆ ಕಟ್ಟಬೇಕು. ಗೀರುಬಿದ್ದ ಮೂಲ ಬಣ್ಣ, ಮಿರಿಮಿರಿ ಮಿಂಚುವ ಹೊಸ ಬಣ್ಣಕ್ಕಿಂತ ಮೇಲು. ನಮ್ಮ ಊರಿನ ಎಷ್ಟೋ ಮಾಲೀಕರಿಗೆ ಇದು ಇನ್ನೂ ಮನಸ್ಸಿಗೆ ಒಪ್ಪಿಲ್ಲ.

ಬಸವನಗುಡಿಯ ಸದಸ್ಯರು

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಬ್ಯುಯೆಲ್ ಅನ್ನು ಪೂರ್ತಿ ಕೈಬಿಡಬೇಕೇ?

ಉತ್ತರ (ಮಲ್ಲೇಶ್ವರದ ಸದಸ್ಯರು)

ಓಡಿಸುವುದಕ್ಕಾದರೆ ಕೈಬಿಡಬೇಡಿ. ಪೆಟ್ರೋಲನ್ನು ಫ್ರೇಮಿನೊಳಗೇ ತುಂಬುವುದು, ಮುಂದಿನ ಬ್ರೇಕಿನ ಡಿಸ್ಕನ್ನು ರಿಮ್ಮಿನ ಅಂಚಿಗೇ ಕೂರಿಸುವುದು ಮುಂತಾದ ಜಾಣತನ ಅದರಲ್ಲಿದೆ, ಆಸ್ಟ್ರಿಯಾದ ರೋಟ್ಯಾಕ್ಸ್‌ನಿಂದ ಬಂದ ಎಂಜಿನ್ನೂ ಚುರುಕಾದದ್ದು. ಆದರೆ 2009ರ ಅಕ್ಟೋಬರಿನಲ್ಲಿ ಹಾರ್ಲೆ ಆಗ ತನ್ನದೇ ಆಗಿದ್ದ ಬ್ಯುಯೆಲ್ ವಿಭಾಗವನ್ನು ಮುಚ್ಚುವುದಾಗಿ ಘೋಷಿಸುವ ಹೊತ್ತಿಗೆ ಬ್ಯುಯೆಲ್ ಹೆಸರಿನಲ್ಲಿ 1,30,000ಕ್ಕೂ ಹೆಚ್ಚು ಗಾಡಿಗಳು ಹೊರಬಂದಿದ್ದವು. ಕಂಪನಿ ಮುಚ್ಚಿತೆಂದ ಮಾತ್ರಕ್ಕೆ ಅದರ ಕೊನೆಯ ವರ್ಷದ ಸರಕೆಲ್ಲ ಅಪರೂಪವಾಗುವುದಿಲ್ಲ, ಬಿಡಿಭಾಗ ಮಾತ್ರ ಅಪರೂಪವಾಗುತ್ತದೆ. ಇದೇ ವಂಶದಲ್ಲಿ ಸಂಗ್ರಹಕ್ಕೆ ಬೇಕೆಂದರೆ, ಎರಿಕ್ ಬ್ಯುಯೆಲ್ ಆಮೇಲೆ ಕಟ್ಟಿದ ಇಬಿಆರ್ ಸಂಸ್ಥೆಯ 1190ಆರ್‌ಎಸ್ ಹುಡುಕಿ. ಅದನ್ನು 100ಕ್ಕೆ ಸೀಮಿತಗೊಳಿಸಿದ್ದರು. ನಮ್ಮ ಹೀರೋ ಮೋಟೋಕಾರ್ಪ್ 2013ರಲ್ಲಿ ಪಾಲು ಕೊಂಡಿದ್ದು ಇದೇ ಸಂಸ್ಥೆಯಲ್ಲಿ. ಹಾಗೆಂದು ಕಡಿಮೆ ಸಂಖ್ಯೆಯೇ ಸರ್ವಸ್ವ ಎಂದುಕೊಳ್ಳಬೇಡಿ, ಲಕ್ಷಗಟ್ಟಲೆ ತಯಾರಾದ ಆರ್‌ಎಕ್ಸ್ 100ಕ್ಕೆ ಬೆಂಗಳೂರಿನಲ್ಲಿ ಇಂದು ಕೇಳುವ ಬೆಲೆ ನಿಮಗೆ ಗೊತ್ತೇ ಇದೆ.

ಉತ್ತರ (ಜಯನಗರದ ಸದಸ್ಯರು)

ಇಲ್ಲಿಗೆ ತರಿಸುವ ವಿಚಾರ: ಸಾಮಾನ್ಯವಾಗಿ ಬಳಸಿದ ವಾಹನ ತಯಾರಾಗಿ ಮೂರು ವರ್ಷ ದಾಟಿದ್ದರೆ ಆಮದಿಗೆ ಅವಕಾಶವಿಲ್ಲದ ಕಾರಣ, 1984ರದ್ದೂ 2009ರದ್ದೂ ಅಲ್ಲೇ ಇರಬೇಕಾಗುತ್ತದೆ. ಮೋಟಾರು ವಾಹನ ನಿಯಮಗಳ 2021ರ ತಿದ್ದುಪಡಿಯಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಹೆಚ್ಚು ಮಾರ್ಪಾಡಾಗದ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ. ನಂಬರಿನಲ್ಲಿ ವಿಎ ಎಂಬ ಅಕ್ಷರಗಳಿರುತ್ತವೆ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಆದರೆ ಪ್ರದರ್ಶನ, ರ್‍ಯಾಲಿ, ಪೆಟ್ರೋಲು ಹಾಕಿಸುವುದು, ರಿಪೇರಿ ಮುಂತಾದವಕ್ಕಷ್ಟೇ ಅದನ್ನು ರಸ್ತೆಗಿಳಿಸಬಹುದು, ದಿನನಿತ್ಯ ಓಡಿಸುವಂತಿಲ್ಲ. ಆರ್‌ಟಿಒ ನಿಯಮವೇ ಬೇರೆ, ಕಸ್ಟಮ್ಸ್ ನಿಯಮವೇ ಬೇರೆ. ಎಕ್ಸ್‌ಎಲ್‌ಸಿಆರ್ ಆ ವಯಸ್ಸಿಗೆ ಬಂದಾಗಲೂ ಹಡಗಿಗೆ ಹಾಕುವ ಮುನ್ನ ಕಸ್ಟಮ್ಸ್ ಏಜೆಂಟರಿಂದ ಆಗಿನ ಆಮದು ನೀತಿಯನ್ನು ಲಿಖಿತವಾಗಿ ಪಡೆದುಕೊಳ್ಳಿ. ಅಲ್ಲಿಯವರೆಗೆ ಗಾಡಿಯ ಕಾಗದಪತ್ರದಲ್ಲಿ ನಿಮ್ಮ ಅಣ್ಣನವರ ಹೆಸರು ಮಾತ್ರ ಇರಲಿ, ನಿಮ್ಮ ಪಾಲಿನ ಹಣಕ್ಕೆ ಇಬ್ಬರ ನಡುವೆ ಬೇರೆ ಬರಹ ಮಾಡಿಕೊಳ್ಳಿ.